ಬಾಪೂಸಾಹೇಬರ ಗೂಢಚರ್ಯೆ

ದೀಪಾವಳಿಗೆ ಚಾತುರ್ಮಾಸ ಮುಗಿಯುವವರೆಗೆ ಸಿನಿಮಾ ನೋಡುವುದಿಲ್ಲ ಎಂದು ಮಿರಜಿನ ಬಸದಿಯಲ್ಲಿ, ಮುನಿಗಳೆದುರು, ಅದೂ ಮೈಕಿನಲ್ಲಿ ಘೋರ ಪ್ರತಿಜ್ಞೆ ಮಾಡುವಾಗ ಬಾಪೂಸಾಹೇಬರಿಗೆ ಮುಂದಿನ ಗಂಡಾಂತರ ಗೊತ್ತಿರಲಿಲ್ಲ. ಅದೇ ತಿಂಗಳು ಸಾಂಗ್ಲಿಗೆ ಆ ಸಿನಿಮಾ ಬಂತು. ಹಳೆಯ ಯುದ್ಧಕಾಲದ ಕಥೆ. ಪಲ್ಟನ್ನಿನ ಕ್ಯಾಪ್ಟನ್ನೊಬ್ಬ ವೇಷ ಮರೆಸಿಕೊಂಡು ಶತ್ರುಗಳ ಊರಲ್ಲಿ ಗೂಢಚಾರನಾಗುತ್ತಾನೆ. ಇಂಥದ್ದನ್ನು ನೋಡದಿದ್ದರೆ ಬಾಪೂಸಾಹೇಬರಿಗೆ ಊಟ ಸೇರುವುದಿಲ್ಲ. (ನೇಮದ ಹುರುಪಿನಲ್ಲಿ ಮನೆಯ ಟಿವಿಗೂ ಬಟ್ಟೆ ಹೊದಿಸಿ, ಹೆಂಡತಿ ತ್ರಿಶಲಾಳ ಧಾರಾವಾಹಿಗಳನ್ನು ನಿಲ್ಲಿಸಿದ್ದರು. ಈಗ ಸಿಕ್ಕಿಬಿದ್ದರೆ ಕಥೆ ಮುಗಿಯಿತು.)

"ಬೇಡಗ ಹಳ್ಳಿಗಿ ದ್ರಾಕ್ಷಿ ತ್ವಾಟ ನೋಡಾಕ ಹೊಂಟೇನಿ," ಎಂದರು.

"ಹೋಗಿ ಬರ್ರಿ. ನಾನೂ ಸಾಂಗ್ಲಿವಾಡಿಗೆ ಅಕ್ಕನ ಕಡೆ ಹೋಗ್ತೇನಿ."

ಟೋಪಿ, ಮಾಸ್ಕು, ಕಪ್ಪು ಕನ್ನಡಕ. (ಕನ್ನಡಕದಿಂದಾಗಿ ಅರ್ಧ ಸಿನಿಮಾ ಕಾಣುತ್ತಿರಲಿಲ್ಲ, ಆ ಮಾತು ಬೇರೆ.) ಸಾಂಗ್ಲಿಯ ಥಿಯೇಟರಿನ ಬಾಲ್ಕನಿಯ ಕತ್ತಲಲ್ಲಿ ಕೂತರೂ ಯಾರಾದರೂ ಕೆಮ್ಮಿದರೆ ಟೋಪಿಯನ್ನು ಹಣೆಗೆ ಎಳೆದುಕೊಳ್ಳುತ್ತಿದ್ದರು. ಪರದೆಯ ಮೇಲೆ ಶತ್ರು ಕ್ಯಾಪ್ಟನ್ನಿನ ಹಣೆಗೆ ಪಿಸ್ತೂಲು ಹಿಡಿದು, ನಿನ್ನ ನಿಜವಾದ ಹೆಸರೇನು ಎಂದು ಗದರಿದ. ಹೆದರಿಕೆಗೆ ಬಾಪೂಸಾಹೇಬರು ಇನ್ನೇನು ತಮ್ಮ ಹೆಸರನ್ನೇ ಹೇಳಿಬಿಡುತ್ತಿದ್ದರು, ಅಷ್ಟರಲ್ಲಿ ಇಂಟರ್ವಲ್ ಆಯಿತು.

ಜನ ಪಾಪ್‌ಕಾರ್ನಿಗೆ ನುಗ್ಗಿದರೆ ಬಾಪೂಸಾಹೇಬರು ಹೊರಬಾಗಿಲಿಗೆ ನುಗ್ಗಿದರು. ಒಂದು ನೇಮ ಮುರಿದಿದ್ದರೂ, ಹೊತ್ತು ಮುಳುಗಿದ ಮೇಲೆ ತುತ್ತು ಎತ್ತಬಾರದೆಂಬ ಜೈನರ ಪದ್ಧತಿಯನ್ನು ಅವರು ಹುಟ್ಟಿದಂದಿನಿಂದ ಬಿಟ್ಟವರಲ್ಲ. ಹಿಂಬದಿಯ ಮೆಟ್ಟಿಲ ಮೇಲೆ ಇನ್ನೂ ಚೂರು ಬಿಸಿಲಿತ್ತು. ಅಲ್ಲಿ ತಲೆತುಂಬ ಸೆರಗು ಹೊದ್ದ ಹೆಣ್ಣುಮಗಳೊಬ್ಬಳು ಪಡುವಣಕ್ಕೆ ಮುಖ ಮಾಡಿ ಗಡಿಬಿಡಿಯಿಂದ ರೊಟ್ಟಿ ತಿನ್ನುತ್ತಿದ್ದಳು. ನಮ್ಮವರೇ ಯಾರೋ ಎಂದು ಧೈರ್ಯ ಬಂತು. ಮಾಸ್ಕು ಇಳಿಸಿ, ಬಾಳೆಹಣ್ಣು ಸುಲಿದು ಬಾಯಿಗಿಟ್ಟುಕೊಂಡು, ಚಿಕ್ಕಮ್ಮನನ್ನು ಕರೆದಂತೆ ಕೇಳಿದರು:

"ಮಾವಶಿ, ಹೊತ್ತು ಮುಣಗಾಕ ಇನ್ನಾ ಟೈಮ್ ಐತಲ್ರಿ?"

ಮಾವಶಿ ತಿರುಗಿದಳು. ತ್ರಿಶಲಾ! ಬಾಳೆಹಣ್ಣು ಗಂಟಲಲ್ಲೇ ನಿಂತಿತು.

"ನೀ... ನೀ ಇಲ್ಲಿ? ಮನ್ಯಾಗ ನೇಮ ಐತಿ!"

"ನೇಮ ಹಿಡದಾವ್ರು ನೀವು. ಮೈಕಿನ್ಯಾಗ ಊರೆಲ್ಲಾ ಕೇಳೇತಿ. ನಾ ಯಾವ ನೇಮ ಹಿಡದೇನ್ರಿ? ಬೇಡಗದ ದ್ರಾಕ್ಷಿ ಹೆಂಗದಾವ?"

"ತಪ್ಪಾತು. ಬಾ, ಉಳದದ್ದು ಇಬ್ರೂ ಕೂಡೇ ನೋಡೂಣು."

"ನಿಮ್ಮ ಪಾಪದಾಗ ನನಗ್ಯಾಕ ಪಾಲು? ತಿಕೀಟ ಕೊಡ್ರಿ. ಬಾಲ್ಕನೀದಾ? ಚಲೋ ಆತು. ನಂದು ಮುಂದಿನ ಸಾಲು, ಕುತಿಗಿ ಹಿಡದೇತಿ. ಈ ರೊಟ್ಟಿ ಡಬ್ಬಿ ಹಿಡಕೊಂಡು ಇಲ್ಲೇ ಕುಂದ್ರಿ."

ಕೂತರು. ಗೋಡೆಯಾಚೆ ಗುಂಡು ಹಾರಿದವು, ಯಾರೋ ಕಿರುಚಿದರು, ಜನ ಚಪ್ಪಾಳೆ ತಟ್ಟಿದರು. ಸತ್ತವನು ಯಾರೆಂದು ತಿಳಿಯದೆ ಬಾಪೂಸಾಹೇಬರು ಖಾಲಿ ಡಬ್ಬಿಯನ್ನು ಎದೆಗವುಚಿಕೊಂಡು ಬೆವರಿದರು.

ಸಿನಿಮಾ ಬಿಟ್ಟ ಮೇಲೆ ಅವಳನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಮಿರಜಿನ ಅರ್ಧ ದಾರಿ ಬಂದರು. ಕೊನೆಗೆ ತಡೆಯಲಾರದೆ ಸ್ಕೂಟರ್ ನಿಧಾನ ಮಾಡಿದರು.

"ಅಲ್ಲಾ... ಆ ಕ್ಯಾಪ್ಟನ್ ಉಳದನೇನ?"

"ಕಥಿ ಕೇಳಿದ್ರೂ ನೇಮ ಮುರದಂಗರಿ," ಎಂದಳು ತ್ರಿಶಲಾ. "ದೀಪಾವಳಿ ಆಗ್ಲಿ, ಹೇಳ್ತೇನಿ."