ಕೆಂಪು ದೀಪ ಮತ್ತು ಪಕ್ಕದ ಮನೆಯ ನಿದ್ದೆ

ಓದು ಬರಹವನ್ನು ನಾನೇ ಕಲಿತೆ. ಹೊಲಿಗೆಯನ್ನೂ ಯಾರ ಹಂಗಿಲ್ಲದೆ ಕಲಿತೆ. ಹೀಗಿರುವಾಗ ಗೋಡೆಯೊಳಗೆ ಕೂತ ಹಾಡಿನ ಪೆಟ್ಟಿಗೆ ನನಗೆ ಯಾವ ಲೆಕ್ಕ! ತಿರುಗಿಸಲು ಒಂದು ಗುಂಡಿ, ಪಕ್ಕದಲ್ಲಿ ಒಂದು ಬಟನ್, ಮೇಲೊಂದು ಪುಟ್ಟ ದೀಪ. ಇಷ್ಟಕ್ಕೂ ಗುರು ಬೇಕೆ?

"ಆ ದೀಪದ ಅರ್ಥ ಏನೂಂತ ಹೇಳ್ತೀನಿ, ಕೇಳು," ಎಂದು ಯಜಮಾನರು ಕೈಪಿಡಿ ಹಿಡಿದು ಬಂದರು.

"ಬೇಡಿ. ಯಾರು ಏನು ಹೇಳಿದ್ರೂ ತಾಳ್ಮೆಯಿಂದ ಕೇಳೋಳು ನಾನು. ಪೆಟ್ಟಿಗೆ ಹೇಳೋದನ್ನೂ ಕೇಳಿಸ್ಕೋತೀನಿ. ನೀವು ಮಲಗಿ!"

ಪೆಟ್ಟಿಗೆ ಕೂತದ್ದು ನಮಗೂ ಪಕ್ಕದ ಮನೆಗೂ ಸೇರಿದ ಒಂದೇ ಗೋಡೆಯಲ್ಲಿ. ಆಚೆ ಬದಿಯಲ್ಲಿ ಆಸ್ಪತ್ರೆಯ ನರ್ಸು. ರಾತ್ರಿ ಪಾಳಿ ಮುಗಿಸಿ ಬಂದು, ನಾವು ಏಳುವ ಹೊತ್ತಿಗೆ ಮಲಗುವವಳು. ಗೋಡೆ ಕೊರೆಯಲು ಒಪ್ಪುವಾಗಲೇ ಹೇಳಿದ್ದಳು: "ಒಂದೇ ಒಂದು ದಿನ ನನ್ನ ನಿದ್ದೆ ಕೆಟ್ರೂ ಪೆಟ್ಟಿಗೆ ಕೀಳಿಸ್ತೀನಿ, ಅಕ್ಕಾ." ಪಿಸುಮಾತಿಗಿಂತ ಜೋರಾಗಿ ಹಾಕುವುದಿಲ್ಲವೆಂದು ಮಾತು ಕೊಟ್ಟಿದ್ದೆ. ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಮೆಲ್ಲಗೆ ಒಂದು ಹಾಡು ಇರಬೇಕೆಂಬುದು ನನ್ನ ಬಹುಕಾಲದ ಆಸೆ.

ಮರುದಿನ ಬೆಳಿಗ್ಗೆ ಸ್ವಿಚ್ ಹಾಕಿದೆ. ಹಾಡಿಲ್ಲ. ಕೆಂಪು ದೀಪ ಮಾತ್ರ ಮಿಣುಕುತ್ತಿತ್ತು. ನನಗೆ ಥಟ್ಟನೆ ಹೊಳೆಯಿತು! ಇಸ್ತ್ರಿಪೆಟ್ಟಿಗೆಯಲ್ಲಿ ಕೆಂಪು ದೀಪವಿದ್ದರೆ ಕಾಯುತ್ತಿದೆ ಎಂದರ್ಥ. ಗೀಸರಿನಲ್ಲೂ ಅದೇ. ಅಂದಮೇಲೆ ಇದೂ ಕಾಯುತ್ತಿದೆ. ಅದು ಕಾಯಲಿ, ನಾನೂ ಕಾಯುತ್ತೇನೆ ಎಂದು ಕಣ್ಣು ಮುಚ್ಚಿ ಕೈಮುಗಿದು ಕೂತೆ.

ಕಣ್ಣು ಬಿಟ್ಟರೆ ಇನ್ನೂ ಕೆಂಪೇ. ಒಲೆಯ ಉರಿ ಹೆಚ್ಚಿಸುವ ಹಾಗೆ ಗುಂಡಿಯನ್ನು ತುಸು ತಿರುಗಿಸಿ, ಮತ್ತೆ ಕಣ್ಣು ಮುಚ್ಚಿದೆ.

ಅತ್ತೆ ಬಂದು ನಿಂತರು. "ಏನಮ್ಮಾ, ಹಾಡೆಲ್ಲಿ?"

"ಇನ್ನೂ ಬಿಸಿಯಾಗ್ತಿದೆ, ಅತ್ತೆ."

"ಹಾಡು ಬಿಸಿಯಾಗಬೇಕಾ? ನಮ್ಮ ಕಾಲದಲ್ಲಿ ತಣ್ಣಗೇ ಹಾಡ್ತಿದ್ರಪ್ಪ! ಅದೇನು ಜಿಪುಣತನ, ಪೂರ್ತಿ ತಿರುಗಿಸು."

ಹಿರಿಯರ ಮಾತು. ತಿರುಗಿಸಿದೆ. ಗುಂಡಿ ತುದಿ ಮುಟ್ಟಿ ನಿಂತಿತು.

ಅಷ್ಟರಲ್ಲಿ ಯಜಮಾನರು ಆಕಳಿಸುತ್ತ ಬಂದರು. "ಅಯ್ಯೋ, ರಾತ್ರಿ ನಾನೇ ಮ್ಯೂಟ್ ಮಾಡಿದ್ದೆ ಕಣೇ! ಕೆಂಪು ಮಿಣುಕಿದ್ರೆ ಹಾಡು ಓಡ್ತಿದೆ, ದನಿ ಮಾತ್ರ ಬಂದ್ ಆಗಿದೆ ಅಂತ." ನಾನು "ರೀ, ತಾಳಿ..." ಎನ್ನುವಷ್ಟರಲ್ಲಿ ಬಟನ್ ಒತ್ತಿಬಿಟ್ಟರು.

ದೀಪ ಹಸಿರಾಯಿತು. ಆಕಾಶ ಕಳಚಿ ಬಿತ್ತು! ಮೆಲ್ಲಗೆ ನುಡಿಯಬೇಕಿದ್ದ ಕೊಳಲು ಕಾರ್ಖಾನೆಯ ಸೈರನ್ನಿನಂತೆ ಕೂಗಿತು. ಅಡುಗೆಮನೆಯ ಲೋಟಗಳು ಕುಣಿದವು. ಬಟನ್ ಒತ್ತಿದ ವೀರರು ಎರಡೂ ಕೈಗಳನ್ನು ಕಿವಿಗೆ ಕೊಟ್ಟು ನಿಂತರು. ಅಂದು ನನ್ನ ಪ್ರಾರ್ಥನೆ ದೇವರಿಗೆ ತಲುಪಿದ್ದರಲ್ಲಿ ಅನುಮಾನವೇ ಇಲ್ಲ. ಹಾರಿ ಹೋಗಿ ಸ್ವಿಚ್ ಆರಿಸಿದೆ.

ಬಾಗಿಲು ಧಡಾರನೆ ತೆರೆಯಿತು. ನರ್ಸು! ಕೆದರಿದ ಕೂದಲು, ಒಂದೇ ಕಾಲಲ್ಲಿ ಚಪ್ಪಲಿ, ಕಣ್ಣುಗಳು ಅರ್ಧ ನಿದ್ದೆಯಲ್ಲೇ.

"ಯಾವ ಬೆಡ್ಡು? ಪೇಷಂಟ್ ಎಲ್ಲಿ?"

ಅತ್ತೆ ನನ್ನತ್ತ ಬೆರಳು ತೋರಿಸಿದರು. "ಇವಳೇ."

ಅವಳಿಗೆ ಪೂರ್ತಿ ಎಚ್ಚರವಾಯಿತು. ಗೋಡೆಯನ್ನು ನೋಡಿದಳು, ನನ್ನನ್ನು ನೋಡಿದಳು. ಪೆಟ್ಟಿಗೆಯ ಆಯುಸ್ಸು ಮುಗಿಯಿತೆಂದು ಕೈ ಹಿಸುಕಿಕೊಳ್ಳುತ್ತ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಇಸ್ತ್ರಿಪೆಟ್ಟಿಗೆಯ ಮಾತು ಬಂದಾಗ ಅವಳು ತಡೆಯಲಾಗದೆ ನಕ್ಕುಬಿಟ್ಟಳು.

"ಈ ಸಲ ಬಿಟ್ಟಿದೀನಿ, ಅಕ್ಕಾ. ನಮ್ಮ ವಾರ್ಡಲ್ಲಿ ಕೆಂಪು ಮಿಣುಕಿದ್ರೆ ಸ್ವಂತ ಬುದ್ಧಿ ಓಡಿಸಲ್ಲ, ಗೊತ್ತಿರೋರನ್ನ ಕೂಗ್ತೀವಿ. ನೀವೂ ಹಾಗೇ ಮಾಡಿ."

ತಲೆ ತಗ್ಗಿಸಿ ಒಪ್ಪಿದೆ.

ಮಾರನೆಯ ಬೆಳಿಗ್ಗೆ ಮತ್ತೆ ಕೆಂಪು ದೀಪ! ಗುಂಡಿಯ ತಂಟೆಗೇ ಹೋಗಲಿಲ್ಲ. ಗೊತ್ತಿರುವವರು ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಸ್ನಾನ ಮಾಡುತ್ತಿದ್ದರು. ನರ್ಸಮ್ಮನ ಅಪ್ಪಣೆಯಂತೆ, ನಲ್ಲಿಯ ಸದ್ದನ್ನು ಮೀರುವ ಹಾಗೆ ಕೂಗಿದೆ:

"ರೀ! ಕೆಂಪು ಮಿಣುಕ್ತಿದೆ! ಬೇಗ ಬನ್ರೀ!"

ಗೋಡೆ ಧಬಧಬ ಎಂದಿತು. ಆಚೆಯಿಂದ ಅಳುದನಿಯೊಂದು ಕೇಳಿಸಿತು:

"ಅಕ್ಕಾ, ಇದಕ್ಕಿಂತ ಪೆಟ್ಟಿಗೇನೇ ವಾಸಿ! ನಿಮ್ಮ ವಾಲ್ಯೂಮ್ ಕಡಿಮೆ ಮಾಡೋ ಗುಂಡಿ ಎಲ್ಲಿದೆ, ಅದನ್ನ ಹೇಳಿ!"