ಹೆಗಲ ಮೇಲೆ ಕೈಯಿಟ್ಟವರು ಯಾರು?

ಗೊತ್ತಿಲ್ಲದ್ದನ್ನು ‘ಎಕ್ಸ್’ ಎಂದು ಇಟ್ಟುಕೊಂಡು ಮುಂದೆ ಹೋಗುವುದು ಗಣಿತದ ಮೇಷ್ಟ್ರುಗಳ ಜಾಯಮಾನ. ತರಗತಿಯಲ್ಲಿ ಆ ಎಕ್ಸ್ ಗಂಟೆ ಹೊಡೆಯುವುದರೊಳಗೆ ಸಿಕ್ಕಿಬಿಡುತ್ತದೆ. ಅದನ್ನೇ ಫೋನಿನೊಳಗೆ ಬಿಟ್ಟರೆ ಏನಾಗುತ್ತದೆಂಬುದು ನನಗೆ ಈ ವರ್ಷದವರೆಗೂ ಗೊತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಈಗಲೂ ಪೂರ್ತಿ ಗೊತ್ತಾಗಿಲ್ಲ.

ಹಡಗಲಿಯ ನಮ್ಮ ಮನೆಗೆ ಸುಣ್ಣಬಣ್ಣ ಮಾಡಿಸಲೆಂದು ಗೋಡೆಯ ಮೇಲಿದ್ದ ಮದುವೆ ಫೋಟೋ ಕೆಳಗಿಳಿಸಿದ್ದೆ. ಧೂಳು ಒರೆಸುವಾಗ ಕಣ್ಣಿಗೆ ಬಿತ್ತು: ದಪ್ಪ ಮೀಸೆಯವರೊಬ್ಬರು ನನ್ನ ಬೆನ್ನ ಹಿಂದೆ ನಿಂತು, ಹೆಗಲ ಮೇಲೆ ಕೈಯಿಟ್ಟು, ಹೆಣ್ಣು ಕೊಟ್ಟವರಂತೆ ನಗುತ್ತಿದ್ದಾರೆ. “ಇವರು ನಿಮ್ಮ ಕಡೇರಲ್ಲೇನು?” ಎಂದು ಹೆಂಡತಿ ಗಿರಿಜಾಳನ್ನು ಕೇಳಿದೆ. ಅವಳ ತವರು ಕೊಟ್ಟೂರು, ಮದುವೆಯಾದದ್ದೂ ಅಲ್ಲೇ. ಅವಳು ಸೆರಗಿನಿಂದ ಗಾಜು ಉಜ್ಜಿ ನೋಡಿ, “ನಮ್ಮೋರು ಯಾಕಾಗ್ತಾರ್ರಿ? ನಿಮ್ಮ ಸೋದರಮಾವ ಅಂತ ಇಷ್ಟು ವರ್ಷ ತಿಳ್ಕಂಡೀನಿ. ಫೋಟೋ ಒರಸಾಗೆಲ್ಲ ನಿಮ್ಮ ಮುಖಕ್ಕಿಂತ ಮೊದ್ಲು ಅವ್ರ ಮುಖ ಒರಸ್ತಿದ್ದೆ” ಎಂದಳು.

ನಾನು ಫೋಟೋದ ಫೋಟೋ ತೆಗೆದು ನೆಂಟರ ಗ್ರೂಪಿಗೆ ಹಾಕಿದೆ. “ನನ್ನ ಹಿಂದೆ ನಿಂತವರು ಯಾರು? ಗೊತ್ತಿದ್ದವರು ತಿಳಿಸಿ.” ಅಷ್ಟೇ ಬರೆದದ್ದು. ಮಧ್ಯಾಹ್ನದ ಹೊತ್ತಿಗೆ ಕೂಡ್ಲಿಗಿಯ ಚಿಕ್ಕಮ್ಮ ತನ್ನ ಮಗಳ ಮದುವೆಯ ಫೋಟೋ ಕಳಿಸಿದಳು. ಅಲ್ಲೂ ಅದೇ ಮೀಸೆ. ಸಂಜೆಗೆ ಹಗರಿಬೊಮ್ಮನಹಳ್ಳಿಯಿಂದ ಒಂದು, ಮರುದಿನ ಹರಪನಹಳ್ಳಿಯಿಂದ ಇನ್ನೊಂದು. ಎಲ್ಲದರಲ್ಲೂ ಯಾರದೋ ಹೆಗಲ ಮೇಲೆ ಅದೇ ಕೈ, ಅದೇ ನಗು. ಯಾರೋ ಪುಣ್ಯಾತ್ಮರು ಇವನ್ನೆಲ್ಲ ಸೇರಿಸಿ, ಹಿಂದೆ ಎದೆ ನಡುಗುವ ಸಂಗೀತ ಕೊಟ್ಟು ವಿಡಿಯೋ ಮಾಡಿದರು. “ಈ ಮನುಷ್ಯನಿಗೆ ವಯಸ್ಸೇ ಆಗುವುದಿಲ್ಲ!” ಎಂದು ಅದರಲ್ಲೊಂದು ದನಿ ಹೇಳುತ್ತಿತ್ತು. ಕೂಡ್ಲಿಗಿ ಮತ್ತು ಹರಪನಹಳ್ಳಿಯ ಮದುವೆಗಳು ಒಂದೇ ದಿನ, ಒಂದೇ ಮುಹೂರ್ತದಲ್ಲಿ ನಡೆದವೆಂದು ಇನ್ನೊಬ್ಬರು ಲಗ್ನಪತ್ರಿಕೆಗಳನ್ನೇ ಹಾಕಿದರು. ನಾನು ಎರಡನ್ನೂ ನಾಲ್ಕು ಸಲ ಓದಿದೆ. ಮುಹೂರ್ತ ಒಂದೇ. ಮಕ್ಕಳಿಗೆ ಸಂಭವನೀಯತೆ ಕಲಿಸುವ ನಾನು ಸ್ಟಾಫ್ ರೂಮಿನಲ್ಲಿ ಚಹಾ ಆರಲು ಬಿಟ್ಟು ಕೂತೆ. ಒಳಗೊಳಗೆ ಖುಷಿಯೂ ಇತ್ತೆಂದು ಒಪ್ಪಿಕೊಳ್ಳಬೇಕು. ಇಷ್ಟು ಊರಿನವರು ನನ್ನ ಮದುವೆಯ ಬಗ್ಗೆ ಮಾತಾಡಿದ್ದು ಮದುವೆಯ ದಿನವೂ ಇರಲಿಲ್ಲ.

ಮೂರನೆಯ ದಿನ ಅದೇ ಫೋಟೋ ಬೇರೆ ಮಾತು ಹೊತ್ತು ತಿರುಗಿ ಬಂತು. “ಮದುವೆಮನೆ ಕಳ್ಳ. ಕಂಡಲ್ಲಿ ಹಿಡಿಯಿರಿ.” ನಾನು ಹಾಕಿದ್ದ ಪ್ರಶ್ನಾರ್ಥಕ ಚಿಹ್ನೆ ದಾರಿಯಲ್ಲೆಲ್ಲೋ ಬಿದ್ದುಹೋಗಿತ್ತು.

ಭಾನುವಾರ ಬೆಳಿಗ್ಗೆ ಬಾಗಿಲು ತೆಗೆದರೆ ಆ ಮೀಸೆಯೇ ನಿಂತಿತ್ತು. ಬೆಳ್ಳಗಾಗಿತ್ತು, ಅಷ್ಟೇ. ಅಂಗಿಯ ಜೇಬು ಹರಿದು ಜೋತಾಡುತ್ತಿತ್ತು. “ಮೇಷ್ಟ್ರ, ನನ್ನ ಫೋಟೋ ಮೊದ್ಲು ಹಾಕಿದ್ದು ನೀವಂತಲ್ರಿ?” ಹಿರೇಹಡಗಲಿಯ ಹೂವಿನ ವ್ಯಾಪಾರಿ ಮಹಾಂತಪ್ಪ ಅವರು. ಹಿಂದಿನ ದಿನ ಕೊಟ್ಟೂರು ಬಸ್ ಸ್ಟ್ಯಾಂಡಿನಲ್ಲಿ ನಾಲ್ಕು ಜನ ಕೊರಳಪಟ್ಟಿ ಹಿಡಿದಿದ್ದರಂತೆ. ಗುರುತಿನ ಕಂಡಕ್ಟರೊಬ್ಬರು ಬಂದು ಬಿಡಿಸಿದರಂತೆ. “ಹೊಡ್ತ ಹೋಗ್ಲಿ ಬಿಡ್ರಿ. ಮಲ್ಲಿಗಿ ಬುಟ್ಟಿ ತುಳದ್ರು” ಎಂದರು. ಗಿರಿಜಾ ಕುರ್ಚಿ ಕೊಟ್ಟು, ಚಹಾ ತಂದಿಟ್ಟು, “ನಮ್ದು ತಪ್ಪಾಗೈತ್ರಿ ಅಣ್ಣಾರ” ಎಂದಳು. ನನ್ನ ಬಾಯಲ್ಲಿ ಅದೂ ಬಂದಿರಲಿಲ್ಲ.

“ನಿಮ್ಮ ಮದುವಿಗೆ ಹೂವಿನ ಮಾಲಿ ಒಯ್ದಿದ್ದೆ ನೋಡ್ರಿ,” ಅವರು ಚಹಾ ಹೀರುತ್ತ ಹೇಳಿದರು. “ನಿಮ್ಮ ಕಡಿ ಬಸ್ಸು ಇನ್ನಾ ಬಂದಿದ್ದಿಲ್ಲ. ಗಂಡಿನ ಹಿಂದ ಯಾರೂ ಇಲ್ಲ, ನೀವ ನಿಲ್ರಿ ಯಜಮಾನ್ರ ಅಂದ ಫೋಟೋದಾವ. ಕೈ ಎಲ್ಲಿಡ್ಲಿ ತಿಳೀಲಿಲ್ಲ, ನಿಮ್ಮ ಹೆಗಲ ಮ್ಯಾಲಿಟ್ಟೆ. ಮುಂದ ಹಂಗ ರೂಢಿ ಆತು.” ಹಾಗಾದರೆ ಒಂದೇ ಮುಹೂರ್ತದ ಆ ಎರಡು ಮದುವೆ? ತಡೆಯಲಾರದೆ ಕೇಳಿಯೇಬಿಟ್ಟೆ. ಮಹಾಂತಪ್ಪ ಲೋಟ ಕೆಳಗಿಟ್ಟರು. “ಕೂಡ್ಲಿಗಿ ನಂದ ಹೂವು. ಹರಪನಹಳ್ಳಿಗೆ ನಾ ಯಾವತ್ತೂ ಮಾಲಿ ಒಯ್ದಿಲ್ರಿ. ಆದ್ರ ಮೀಸಿ ನಂದ ಐತಿ. ಅದನ್ನ ನೋಡಿದಾಗಿಂದ ನನಗೂ ದಿಗಿಲು.”

ಗ್ರೂಪಿಗೆ ಹಾಕಿದ್ದನ್ನು ಅಳಿಸಿದೆ. ಇವರು ಮರ್ಯಾದಸ್ಥರು, ತಪ್ಪು ನನ್ನದು ಎಂದು ನಾವಿಬ್ಬರೂ ಜೊತೆಗೆ ಕೂತ ಹೊಸ ಫೋಟೋ ಸಮೇತ ಬರೆದೆ. ನೆಂಟರೆಲ್ಲ ಹೆಬ್ಬೆರಳು ತೋರಿಸಿದರು. ಮುಂದಕ್ಕೆ ಮಾತ್ರ ಒಬ್ಬರೂ ಕಳಿಸಲಿಲ್ಲ. ಕಡೆಗೆ ಸೋಮವಾರ ರಜೆ ಹಾಕಿ ಕೊಟ್ಟೂರು ಬಸ್ ಸ್ಟ್ಯಾಂಡಿಗೆ ಹೋಗಿ, ಅವರ ಬುಟ್ಟಿಯ ಪಕ್ಕ ಇಡೀ ದಿನ ನಿಂತು, ಗುರಾಯಿಸಿದವರಿಗೆಲ್ಲ ಬಾಯಿಬಿಟ್ಟು ಹೇಳಿದೆ. ಸಂಜೆಯ ಹೊತ್ತಿಗೆ ದನಿ ಬಿದ್ದಿತ್ತು, ಹೂವು ಖಾಲಿಯಾಗಿತ್ತು. ಮೂವರು ಅವರ ಕೈ ತಮ್ಮ ಹೆಗಲ ಮೇಲಿಡಿಸಿಕೊಂಡು ಸೆಲ್ಫಿ ಕೂಡ ತೆಗೆದುಕೊಂಡರು.

ಅಲ್ಲಿಗೆ ಮುಗಿಯಿತೆಂದುಕೊಂಡಿದ್ದೆ. ಮೊನ್ನೆ ಹೆಡ್ ಮಾಸ್ಟರು ಕೋಣೆಗೆ ಕರೆದು, ದನಿ ತಗ್ಗಿಸಿ, “ಮೇಷ್ಟ್ರ, ಹೊಸ ಕಳ್ಳ ಬಂದಾನಂತ. ಮನ್ಯಾಗ ಹೆಣ್ಮಕ್ಕಳಿಗೆ ಹುಷಾರು ಹೇಳ್ರಿ” ಎಂದು ಫೋನು ತೋರಿಸಿದರು. ಕೈಯಿಂದ ಕೈಗೆ ಹೋಗುವಾಗ ಯಾರು ಯಾರೋ ನನ್ನ ಮದುವೆ ಫೋಟೋ ಕತ್ತರಿಸಿ, ಮಹಾಂತಪ್ಪನವರ ಮುಖವೇ ಹಾರಿಹೋಗಿತ್ತು. ಬಾಸಿಂಗ ಕಟ್ಟಿದ, ತಲೆತುಂಬ ಕೂದಲಿನ, ಕಡ್ಡಿಯಂಥ ಹುಡುಗನೊಬ್ಬ ಮಾತ್ರ ಉಳಿದಿದ್ದ. ದಿನವೂ ಎದುರಿಗೆ ಕೂತು ಉಣ್ಣುವ ಹೆಡ್ ಮಾಸ್ಟರಿಗೆ ನನ್ನ ಗುರುತು ಹತ್ತಲಿಲ್ಲ. ಹೇಳಬಹುದಿತ್ತು. ನಾನು ಕನ್ನಡಕ ಸರಿಮಾಡಿಕೊಂಡು, “ಹೌದ್ರಿ ಸರ್, ಮುಖ ನೋಡಿದ್ರ ಗೊತ್ತಾಗ್ತೈತಿ” ಎಂದುಬಿಟ್ಟೆ.

ಮನೆಗೆ ಬಂದು ಗಿರಿಜಾಳಿಗೆ ತೋರಿಸಿದೆ. ಅವಳು ಬಹಳ ಹೊತ್ತು ನೋಡಿ, ಕೆಳಗಿನ ಬರಹವನ್ನೂ ನಿಧಾನ ಓದಿ, ಫೋನು ನನ್ನ ಕೈಗಿಟ್ಟಳು. “ಆವತ್ತು, ಮದುವಿಗೆ ಮೊದ್ಲು, ಇದನ್ನ ಒಬ್ರೂ ನನಗ ಕಳಿಸ್ಲಿಲ್ಲ ನೋಡ್ರಿ.”