ಪ್ರಾಕ್ಟೀಸಿಗೆ ಮಾತ್ರ ಬರುವವನು

ನಿನ್ನೆ ಗುರುವಾರ ನಾನು ಮಾಡಿದ ಕೆಲಸಗಳು ಇವು: ಬೆಳಿಗ್ಗೆ ಬಾವಿಯಿಂದ ಎಂಟು ಕೊಡಪಾನ ನೀರು ಸೇದಿದ್ದು, ಬಚ್ಚಲಿನ ಒಲೆಗೆ ಒದ್ದೆ ತೆಂಗಿನ ಮಡಲು ತುರುಕಿ ಮನೆಯಿಡೀ ಹೊಗೆ ಎಬ್ಬಿಸಿದ್ದು, ಸೈಕಲಿನ ಚೈನಿಗೆ ಎಣ್ಣೆ ಬಿಟ್ಟದ್ದು, ಗೋಡೆ ಗಡಿಯಾರಕ್ಕೆ ಕೀ ಕೊಟ್ಟದ್ದು, ಬೀಡಿ ಬ್ರಾಂಚಿಗೆ ಹೋಗಿ ಮಧ್ಯಾಹ್ನದವರೆಗೆ ಬೀಡಿ ಪರೀಕ್ಷಿಸಿದ್ದು, ಊಟಕ್ಕೆ ಬಂದಾಗ ಗಡಿಯಾರಕ್ಕೆ ಇನ್ನೊಮ್ಮೆ ಕೀ ಕೊಟ್ಟದ್ದು. ಈ ಕೊನೆಯ ಕೆಲಸದ ಅಗತ್ಯ ಇರಲಿಲ್ಲ. ಆದರೆ ಮುಳ್ಳುಗಳು ಬೇಗ ನಾಲ್ಕೂವರೆಗೆ ಬರಲಿ ಎಂಬ ಆಸೆಯಿರುವವನು ಬೇರೆ ಏನು ತಾನೆ ಮಾಡಿಯಾನು? ನಾಲ್ಕೂವರೆಗೆ ನಮ್ಮೂರಿನ ಫುಟ್‌ಬಾಲ್ ತಂಡದ ಪ್ರಾಕ್ಟೀಸು. ಬರುವ ಆದಿತ್ಯವಾರ ಮೂಡುಬಿದಿರೆಯಲ್ಲಿ ಈ ಸೀಸನ್ನಿನ ಮೊದಲ ಆಟವಾದ್ದರಿಂದ ನಿನ್ನೆಯದು ಕೊನೆಯ ದೊಡ್ಡ ಪ್ರಾಕ್ಟೀಸು. ಹೆಂಡತಿ ಗುಲಾಬಿ ಗಡಿಯಾರದ ಕಡೆಗೂ ನನ್ನ ಕಡೆಗೂ ನೋಡಿ, "ಅದರ ಸ್ಪ್ರಿಂಗ್ ತುಂಡಾದರೆ ಹೊಸತು ಎರಡು ಹಾಕಿಸಬೇಕಾದೀತು, ಒಂದು ಅದಕ್ಕೆ, ಒಂದು ನಿಮಗೆ" ಎಂದಳು.

ನಾನು ಫುಟ್‌ಬಾಲ್ ಆಡಿದವನಲ್ಲ. ಶಾಲೆಯಲ್ಲಿದ್ದಾಗ ಒಮ್ಮೆ ಚೆಂಡಿಗೆ ಒದೆಯಲು ಹೋಗಿ ನೆಲಕ್ಕೆ ಒದ್ದು ಹೆಬ್ಬೆರಳಿನ ಉಗುರು ಕಳೆದುಕೊಂಡೆ, ಅಲ್ಲಿಗೆ ನನ್ನ ಆಟ ಮುಗಿಯಿತು. ನಾನು ಪಾಣೆಮಂಗಳೂರಿನ ಒಂದು ಬೀಡಿ ಬ್ರಾಂಚಿನಲ್ಲಿ ಚೆಕ್ಕರ್. ಹೆಂಗಸರು ಮನೆಯಲ್ಲಿ ಕಟ್ಟಿ ತಂದ ಬೀಡಿಯ ಕಟ್ಟುಗಳನ್ನು ಒಂದೊಂದಾಗಿ ಕೈಯಲ್ಲಿ ಹಿಡಿದು, ಇದರ ತಲೆ ಸರಿ ಮಡಚಿಲ್ಲ, ಇದರ ಹೊಟ್ಟೆ ಸಡಿಲ, ಇದಕ್ಕೆ ನೂಲು ಕಡಿಮೆ ಎಂದು ಬದಿಗೆ ಹಾಕುವುದು ನನ್ನ ಉದ್ಯೋಗ. ಇಪ್ಪತ್ತು ವರ್ಷ ಇದನ್ನೇ ಮಾಡಿದ ಕಣ್ಣಿಗೆ ಯಾವುದನ್ನು ಕಂಡರೂ ಮೊದಲು ಅದರ ಕುಂದು ಕಾಣುತ್ತದೆ. ಆಟಗಾರರು ಮೈದಾನದಲ್ಲಿ ಸಾಲಾಗಿ ನಿಂತರೆ ನನಗೆ ಅವರು ಇಪ್ಪತ್ತೈದರ ಒಂದು ಕಟ್ಟಿನ ಹಾಗೆಯೇ ತೋರುತ್ತಾರೆ. ಮಳೆಗಾಲದ ಮೂರು ತಿಂಗಳು ಕೂತು ತಿಂದು ಯಾರ ಹೊಟ್ಟೆ ಸಡಿಲವಾಗಿದೆ, ಯಾರ ಎಡಗಾಲು ಇನ್ನೂ ಹದಕ್ಕೆ ಬಂದಿಲ್ಲ ಎಂಬುದೆಲ್ಲ ದೂರದಿಂದಲೇ ಗೊತ್ತಾಗುತ್ತದೆ. ಗೊತ್ತಾಗಿ ಪ್ರಯೋಜನ ಇಲ್ಲ, ಯಾರನ್ನೂ ಬದಿಗೆ ಹಾಕುವ ಅಧಿಕಾರ ನನಗಿಲ್ಲ. ನಿಜ ಹೇಳುವುದಾದರೆ, ಬದಿಗೆ ಹಾಕಲ್ಪಟ್ಟವನು ನಾನೇ.

ಅದು ಹೇಗೆಂದು ಹೇಳಿಬಿಡುತ್ತೇನೆ. ಮೂರು ವರ್ಷದ ಹಿಂದೆ ಬಿ.ಸಿ.ರೋಡಿನ ಹತ್ತಿರದ ಒಂದು ಮೈದಾನದಲ್ಲಿ ನಮ್ಮ ತಂಡ ಫೈನಲಿಗೆ ಬಂತು. ಹಳದಿ ಬನಿಯನ್ನಿನ ನಮ್ಮ ಹುಡುಗರಿಗೆ ಹೊಂದುವ ಹಳದಿ ಟವೆಲನ್ನು ಹೆಗಲಿಗೆ ಹಾಕಿಕೊಂಡು ನಾನು ನಮ್ಮ ಗೋಲಿನ ಹಿಂದೆಯೇ ನಿಂತಿದ್ದೆ. ಆಟ ಮುಗಿಯಲು ಐದು ನಿಮಿಷ ಇರುವಾಗ ನಮ್ಮ ಬ್ಯಾಕ್ ಆಟಗಾರನೇ ನಮ್ಮ ಗೋಲಿಗೆ ತಲೆಯಿಂದ ಚೆಂಡು ಹೊಡೆದ. ಎಷ್ಟು ಚೆಂದದ ಗೋಲು ಎಂದರೆ ನಾನು ಅಭ್ಯಾಸಬಲದಿಂದ ಚಪ್ಪಾಳೆಯನ್ನೂ ತಟ್ಟಿಬಿಟ್ಟೆ. ಮರುವರ್ಷ ಬೆಳ್ತಂಗಡಿಯಲ್ಲಿ ಫೈನಲ್. ಎರಡು ಬಸ್ಸು ಬದಲಿಸಿ ಹೋದೆ. ಎದುರಿಗೆ ಕೀಪರೂ ಇಲ್ಲದ ಖಾಲಿ ಗೋಲು; ನಮ್ಮವನು ಒದ್ದ ಚೆಂಡು ಗೋಲಿನ ಮೇಲಿನಿಂದ, ಬೇಲಿಯ ತಡಮೆಯ ಮೇಲಿನಿಂದ ಹಾರಿ, ರಸ್ತೆಯಲ್ಲಿ ಹೋಗುತ್ತಿದ್ದ ಬಸ್ಸಿನ ಟಾಪಿನ ಮೇಲೆ ಕೂತು ಉಜಿರೆಯವರೆಗೆ ಸವಾರಿ ಹೋಯಿತು. ಮೋಟರ್ ಸೈಕಲಿನಲ್ಲಿ ಹೋಗಿ ಚೆಂಡು ತಂದರು, ಆದರೆ ಹುಡುಗರ ಮನಸ್ಸು ಉಜಿರೆಯಿಂದ ವಾಪಸು ಬರಲಿಲ್ಲ. ಸೋತೆವು. ಕಳೆದ ವರ್ಷದ ಫೈನಲಿನ ದಿನ ನನಗೆ ಜ್ವರ ಬಂದು ಕಂಬಳಿ ಹೊದ್ದು ಮಲಗಿದ್ದೆ. ನಮ್ಮವರು ನಾಲ್ಕು ಗೋಲಿನಿಂದ ಗೆದ್ದರು.

ಇನ್ನು ಬೇರೆ ಸಾಕ್ಷಿ ಬೇಕೇ? ನಮ್ಮ ತಂಡಕ್ಕೆ ತರಬೇತಿ ಕೊಡುವವನು ಹಮೀದ್. ಪೇಟೆಯಲ್ಲಿ ಬಾಳೆಹಣ್ಣಿನ ಅಂಗಡಿ ಇಟ್ಟಿದ್ದಾನೆ, ಒಂದು ಕಾಲದಲ್ಲಿ ಒಳ್ಳೆಯ ಆಟಗಾರ, ಯಾರ ಮನಸ್ಸನ್ನೂ ನೋಯಿಸದವನು. ಗೆದ್ದ ಕಪ್ಪನ್ನು ನೇಂದ್ರ ಗೊನೆಗಳ ನಡುವೆ ತೂಗುಹಾಕಿ, ನನ್ನನ್ನು ಒಳಗೆ ಕರೆದು ಕೂರಿಸಿ, ಒಂದು ಹಣ್ಣು ಸುಲಿದು ಕೈಗೆ ಕೊಟ್ಟು ಹೇಳಿದ: "ಸಂಜೀವಣ್ಣ, ನೀವು ಬೇಸರ ಮಾಡಬಾರದು. ಈ ಕಾಲ್ಗುಣ, ಕೈಗುಣ ಎಲ್ಲ ನಮಗೆ ನಂಬಿಕೆ ಇಲ್ಲ. ಆದರೆ ನೀವು ಮ್ಯಾಚಿಗೆ ಬರಬೇಡಿ." ನನ್ನ ಬಾಯಲ್ಲಿ ಬಾಳೆಹಣ್ಣು ಇದ್ದುದರಿಂದ ತಕ್ಷಣ ಉತ್ತರ ಕೊಡಲಾಗಲಿಲ್ಲ. ನುಂಗಿದ ಮೇಲೆ, "ಪ್ರಾಕ್ಟೀಸಿಗೆ?" ಎಂದು ಕೇಳಿದೆ. ಅವನು ಸ್ವಲ್ಪ ಯೋಚಿಸಿ, "ಅದಕ್ಕೆ ಬನ್ನಿ. ಅದರಲ್ಲಿ ಸೋಲುವವರು ಯಾರೂ ಇಲ್ಲ ಅಲ್ವಾ?" ಎಂದ. ಅಂದಿನಿಂದ ನಾನು ಪ್ರಾಕ್ಟೀಸಿಗೆ ಮಾತ್ರ ಬರುವ ಅಭಿಮಾನಿ.

ಈ ಸುದ್ದಿ ಬೀಡಿಯ ಎಲೆ, ತಂಬಾಕಿನೊಂದಿಗೆ ಮನೆ ಮನೆಗೆ ಹೋಯಿತು. ಬ್ರಾಂಚಿಗೆ ಬರುವವರಲ್ಲಿ ಬೀಪಾತುಮ್ಮ ಎಂಬ ಅಜ್ಜಿಯೊಬ್ಬರಿದ್ದಾರೆ. ನಿನ್ನೆ ಅವರು ಕಟ್ಟುಗಳನ್ನು ನನ್ನ ಮುಂದೆ ಇಟ್ಟು, ಎಲ್ಲರಿಗೂ ಕೇಳುವ ಹಾಗೆ, "ಸಂಜೀವಣ್ಣ, ಈ ಸಲ ನಿಮಗೆ ಜ್ವರ ಯಾವಾಗ? ನನ್ನ ಮೊಮ್ಮಗ ಕೇಳಿಕೊಂಡು ಬರಲಿಕ್ಕೆ ಹೇಳಿದ್ದಾನೆ" ಎಂದರು. ಸಾಲಿನಲ್ಲಿದ್ದ ಹೆಂಗಸರೆಲ್ಲ ಸೆರಗು ಬಾಯಿಗೆ ಒತ್ತಿಕೊಂಡರು. ಸೇಡು ತೀರಿಸಲು ಅವರ ಬೀಡಿಯಲ್ಲಿ ಒಂದಾದರೂ ಕುಂದು ಹುಡುಕೋಣವೆಂದು ಎರಡೆರಡು ಸಲ ನೋಡಿದೆ. ಆ ಅಜ್ಜಿಯ ಬೀಡಿಯಲ್ಲಿ ಇಪ್ಪತ್ತು ವರ್ಷದಲ್ಲಿ ಕುಂದು ಸಿಕ್ಕಿಲ್ಲ, ನಿನ್ನೆಯೂ ಸಿಗಲಿಲ್ಲ. ಅವರ ನಂತರದವರ ಬೀಡಿಯನ್ನು ನಾನು ನೋಡಿದೆನೋ ಇಲ್ಲವೋ ನನಗೇ ನೆನಪಿಲ್ಲ. ಕೈ ಕಟ್ಟಿನ ಮೇಲಿತ್ತು, ಕಣ್ಣು ಬ್ರಾಂಚಿನ ಗಡಿಯಾರದ ಮೇಲಿತ್ತು. ಏಕೆಂದರೆ ನಿನ್ನೆ ನಾನು ಒಂದು ನಿರ್ಧಾರ ಮಾಡಿದ್ದೆ. ಏನೇ ಆಗಲಿ, ಆದಿತ್ಯವಾರದ ಆಟಕ್ಕೆ ನನ್ನನ್ನೂ ಕರೆದುಕೊಂಡು ಹೋಗು ಎಂದು ಹಮೀದನನ್ನು ಕೇಳುವುದು. ಬೇಡ ಅಂದರೆ ಮತ್ತೆ ಜನ್ಮದಲ್ಲಿ ಕೇಳುವುದಿಲ್ಲ.

ಬರಿಗೈಯಲ್ಲಿ ಕೇಳಬಾರದೆಂದು ಗುಲಾಬಿಯಿಂದ ಹಿಡಿಯಿರುವ ಒಂದು ದೊಡ್ಡ ತೂಕುಪಾತ್ರೆ ತುಂಬ ಪುನರ್ಪುಳಿ ಶರಬತ್ತು ಮಾಡಿಸಿಕೊಂಡು ಸೈಕಲಿಗೆ ಸಿಕ್ಕಿಸಿ ಹೊರಟೆ. ಪ್ರಾಕ್ಟೀಸು ಎಂದರೆ ಸಾಮಾನ್ಯ ಸಂಗತಿಯಲ್ಲ. ಆಟದ ದಿನ ಬಂದು ಕೂಗಿ ಹೋಗುವವರಿಗೆ ಅದರ ರುಚಿ ಗೊತ್ತಿಲ್ಲ. ಮೊದಲು ಮೈದಾನದ ಮೂಲೆಯಲ್ಲಿ ಕಟ್ಟಿದ ದನವನ್ನು ಬಿಡಿಸಿ ಬೇರೆ ಕಡೆ ಕಟ್ಟಬೇಕು. ಅದು ಹೋಗಲು ಒಪ್ಪುವುದಿಲ್ಲ, ಎರಡು ಜನ ಬ್ಯಾಕುಗಳು ಹಿಂದಿನಿಂದ ದೂಡಬೇಕು. ಚೆಂಡಿಗೆ ಸೈಕಲ್ ಪಂಪಿನಿಂದ ಗಾಳಿ ತುಂಬಬೇಕು. ಆಮೇಲೆ ಮೈದಾನಕ್ಕೆ ಹತ್ತು ಸುತ್ತು ಓಟ. ಮೊದಲ ಸುತ್ತಿನಲ್ಲಿ ಎಲ್ಲರೂ ಮಾತಾಡುತ್ತಾರೆ, ಐದನೆಯದರಲ್ಲಿ ಯಾರೂ ಮಾತಾಡುವುದಿಲ್ಲ, ಎಂಟನೆಯದರಲ್ಲಿ ಒಬ್ಬನ ಚಪ್ಪಲಿ ಯಾರೋ ಕದ್ದರೆಂದು ನೆನಪಾಗಿ ಅವನು ಓಟ ಬಿಟ್ಟು ಹೋಗುತ್ತಾನೆ. ಎಡಬದಿಯಲ್ಲಿ ದೀಪಾವಳಿಯವರೆಗೆ ಒಣಗದ ಒಂದು ಕೆಸರಿನ ಹೊಂಡ ಉಂಟು; ಅದನ್ನು ಹಾರಿ ದಾಟುವ ರೀತಿ ನೋಡಿಯೇ ಆಟಗಾರನ ಯೋಗ್ಯತೆ ಹೇಳಬಲ್ಲೆ. ಇದನ್ನೆಲ್ಲ ನೋಡುತ್ತಾ ನಾನು ಒಂದು ಕಡೆ ನಿಲ್ಲಲಾರೆ. ಟವೆಲನ್ನು ಬಲ ಹೆಗಲಿನಿಂದ ಎಡ ಹೆಗಲಿಗೆ ಹಾಕುತ್ತೇನೆ, ಸೈಕಲಿನ ಸ್ಟ್ಯಾಂಡ್ ಹಾಕಿ ತೆಗೆಯುತ್ತೇನೆ. ನಿನ್ನೆಯಂತೂ ತೂಕುಪಾತ್ರೆಯ ಮುಚ್ಚಳವನ್ನು ಎಷ್ಟು ಸಲ ತೆಗೆದು ಹಾಕಿದೆನೋ, ಶರಬತ್ತಿನಲ್ಲಿ ನಾಲ್ಕು ಇರುವೆ ಬಿದ್ದಿತ್ತು.

ಓಟ ಮುಗಿದ ಮೇಲೆ ಬನಿಯನ್ ಹಾಕಿದವರು, ಬನಿಯನ್ ಕಳಚಿದವರು ಎಂದು ಎರಡು ಪಾಲು ಮಾಡಿ ಆಟ ಶುರು ಮಾಡಿದರು. ಬನಿಯನ್ ಹಾಕಿದವರ ಗೋಲಿನಲ್ಲಿ ಲೋಕೇಶ. ಅವನು ಬಿ.ಸಿ.ರೋಡಿನಿಂದ ಹೊರಡುವ ಖಾಸಗಿ ಬಸ್ಸೊಂದರ ಕಂಡಕ್ಟರ್. ಹತ್ತು ವರ್ಷ ಬಸ್ಸಿನ ಬಾಗಿಲಲ್ಲಿ ನೇತಾಡಿ ಅವನ ಕೈಗೆ ಒಳ್ಳೆಯ ಹಿಡಿತ ಬಂದಿದೆ. ನಾನು ಅವನ ಗೋಲಿನ ಹಿಂದೆ ನಿಂತೆ. ಹತ್ತು ನಿಮಿಷದಲ್ಲಿ ಮೂರು ಗೋಲು ಅವನ ಕಾಲ ಸಂದಿನಲ್ಲಿ ನುಸುಳಿ ಬಂದು ನನ್ನ ಸೈಕಲಿಗೆ ಬಡಿದವು. ಅವನು ತಿರುಗಿ ನನ್ನನ್ನು ನೋಡಿ, ಬಸ್ಸಿನಲ್ಲಿ ಕೂಗುವ ಸ್ವರದಲ್ಲೇ, "ಸಂಜೀವಣ್ಣ, ಸ್ವಲ್ಪ ಮುಂದೆ ಹೋಗಿ ಮಾರಾಯ್ರೆ, ಮುಂದೆ ಜಾಗ ಉಂಟು!" ಎಂದ. ಮುಂದೆ ಎಂದರೆ ಮೈದಾನದ ಆಚೆ ತುದಿ. ಸೈಕಲು ದೂಡಿಕೊಂಡು ಆಚೆ ಹೋದೆ. ಹೋಗಿ ಸ್ಟ್ಯಾಂಡ್ ಹಾಕುವುದರೊಳಗೆ ಆಚೆಯವರ ಮೇಲೆ ಒಂದು ಗೋಲು ಬಿತ್ತು. ಟವೆಲು ಹೆಗಲು ಬದಲಿಸುವುದರೊಳಗೆ ಇನ್ನೊಂದು.

ಹಮೀದ್ ಬಾಯಿಯಿಂದ ಸೀಟಿ ತೆಗೆದು ನನ್ನನ್ನೇ ನೋಡಿದ. ಆಮೇಲೆ, ಅಂಗಡಿಯಲ್ಲಿ ಗೊನೆ ಹಣ್ಣಾಗಿದೆಯೇ ಎಂದು ಒತ್ತಿ ನೋಡುವಾಗಿನ ಮುಖದಲ್ಲಿ, "ಸಂಜೀವಣ್ಣ, ಈಗ ಒಮ್ಮೆ ನಡುವೆ ನಿಲ್ಲುವ" ಎಂದ. ನಡುಗೆರೆಯ ಹತ್ತಿರ ನಿಂತೆ. ಕಾಲು ಗಂಟೆ ಆ ಕಡೆಗೂ ಗೋಲಿಲ್ಲ, ಈ ಕಡೆಗೂ ಗೋಲಿಲ್ಲ. ಕೊನೆಗೆ ಚೆಂಡೇ ಬುಸ್ಸೆಂದು ಗಾಳಿ ಬಿಟ್ಟು ಚಪ್ಪಟೆಯಾಯಿತು. ಆಟಗಾರರೆಲ್ಲ ನನ್ನ ಕಡೆ ತಿರುಗಿದರು, ದನವೂ ತಲೆ ಎತ್ತಿ ನನ್ನ ಕಡೆ ನೋಡಿತು.

ನಾನು ಟವೆಲನ್ನು ಹೆಗಲಿನಿಂದ ತೆಗೆದು ಮಡಚಿ ಕೈಯಲ್ಲಿ ಹಿಡಿದೆ. ಆಟಕ್ಕೆ ಬರುತ್ತೇನೆಂದು ಕೇಳಲು ಬಂದವನಿಗೆ ಇನ್ನು ಪ್ರಾಕ್ಟೀಸೂ ಇಲ್ಲ. ನಾಲ್ಕೂವರೆ ಎಂಬ ಹೊತ್ತೇ ಇಲ್ಲದ ದಿನಗಳನ್ನು ಹೇಗೆ ಕಳೆಯುವುದು? ಹಮೀದ್ ನನ್ನ ಹೆಗಲಿಗೆ ಕೈ ಹಾಕಿ ದನದ ಹತ್ತಿರಕ್ಕೆ ಕರೆದುಕೊಂಡು ಹೋದ. ಎರಡು ಲೋಟ ಶರಬತ್ತು ಇರುವೆ ಸಮೇತ ಕುಡಿದ. "ಆದಿತ್ಯವಾರ ನಿಮಗೆ ಏನಾದರೂ ಕೆಲಸ ಉಂಟಾ?" ಎಂದು ಕೇಳಿದ.

"ಎಂತ ಕೆಲಸ? ಜ್ವರ ಬರಿಸಿಕೊಳ್ಳಬೇಕಾ?"

"ಛೆ, ಛೆ. ನಮ್ಮ ಜೀಪಿನಲ್ಲಿ ಬನ್ನಿ. ನಿಮಗೆ ಮುಂದಿನ ಸೀಟು."

ನನ್ನ ಕಣ್ಣಲ್ಲಿ ನೀರು ಬಂತು. ಅದು ಬೀಳುವ ಮೊದಲೇ ಅವನು ಮುಂದುವರಿಸಿದ. "ಆದರೆ ಮೈದಾನದ ಹತ್ತಿರ ಬರುವಾಗ ಇಳಿದುಬಿಡಿ, ಆಯ್ತಾ? ನಾವು ಬೇರೆ, ನೀವು ಬೇರೆ. ನೀವು ಮೂಡುಬಿದಿರೆಯವರ ಜೊತೆ ಅವರ ಗೋಲಿನ ಹಿಂದೆ ನಿಲ್ಲಬೇಕು. ಹಾಫ್ ಟೈಮಿಗೆ ಕಡೆ ಬದಲಾಗುತ್ತದೆ, ನೀವೂ ನಡೆದುಕೊಂಡು ಆಚೆ ಬರಬೇಕು. ಮರೆತರೆ ನಾವು ಕೆಟ್ಟೆವು. ಈ ಹಳದಿ ಟವೆಲ್ ಬೇಡ."

"ಬರೇ ನಿಂತರೆ ಸಾಕಾ?"

"ಸಾಲದು. ಅವರಿಗೆ ಚಪ್ಪಾಳೆ ಹೊಡೆಯಬೇಕು. ಮನಸ್ಸಿಟ್ಟು ಹೊಡೆಯಬೇಕು ಸಂಜೀವಣ್ಣ, ತೋರಿಕೆಗೆ ಹೊಡೆದರೆ ಕಾಲ್ಗುಣ ಹಿಡಿಯಲಿಕ್ಕಿಲ್ಲ."

"ನಮ್ಮವರು ಗೋಲು ಹಾಕಿದರೆ ಏನು ಮಾಡುವುದು ಮಾರಾಯ?"

"ಬೇಸರ ಮಾಡಿ" ಎಂದು ಹಮೀದ್ ಮೂರನೆಯ ಲೋಟಕ್ಕೆ ಕೈ ಚಾಚಿದ.

ಮನೆಗೆ ಬಂದು ಗುಲಾಬಿಗೆ ಹೇಳಿದೆ. ಅವಳು ನಗಬಹುದೆಂದು ಕಾದೆ, ನಗಲಿಲ್ಲ. ಬಹಳ ದಿನದ ಒಂದು ಲೆಕ್ಕ ತಾಳೆಯಾದವಳ ಹಾಗೆ ತಲೆ ಆಡಿಸಿದಳು. "ಈಗ ಗೊತ್ತಾಯ್ತು. ಹೋದ ವರ್ಷ ನಿಮ್ಮ ಅಕ್ಕ ಬಂದಾಗ ತಾಮ್ರದ ಹಂಡೆಯ ವಿಷಯದಲ್ಲಿ ಮಾತಾಯ್ತಲ್ಲ, ನಾನು ಗೆಲ್ಲುತ್ತಾ ಬಂದಿದ್ದೆ. ಅಷ್ಟರಲ್ಲಿ ನೀವು ಎದ್ದು ಬಂದು ನನ್ನ ಬದಿ ಮಾತಾಡಿದಿರಿ. ಹಂಡೆ ಎಲ್ಲಿಗೆ ಹೋಯ್ತು? ಇನ್ನು ಮೇಲೆ ಅಕ್ಕ ಬಂದರೆ ಅವರ ಪಕ್ಕ ಕೂತುಕೊಳ್ಳಿ ಇವರೇ, ನಿಮಗೆ ಪುಣ್ಯ ಬರುತ್ತದೆ." ಇಷ್ಟು ಹೇಳಿ ಪೆಟ್ಟಿಗೆ ತೆರೆದು, ಅದೇ ಅಕ್ಕ ಕೊಟ್ಟಿದ್ದ, ನಾನು ಎಂದೂ ತೊಡದ ನೀಲಿ ಅಂಗಿಯನ್ನು ತೆಗೆದು ಕೊಡವಿದಳು. ಮೂಡುಬಿದಿರೆಯವರ ಬನಿಯನ್ ನೀಲಿ ಎಂದು ಅವಳಿಗೆ ಹೇಗೆ ಗೊತ್ತು ಎಂದು ಕೇಳಲು ಧೈರ್ಯ ಬರಲಿಲ್ಲ. ನಾನು ಹೇಳಿ ಹೇಳಿ ಬೇಸರ ಬರಿಸಿದ್ದೇ ಆಗಿರಬೇಕು.

ಆಮೇಲೆ ಜಗಲಿಯಲ್ಲಿ ಅತ್ತಿತ್ತ ನಡೆಯುತ್ತಾ ಯೋಚಿಸಿದೆ. ಆದಿತ್ಯವಾರ ನಮ್ಮವರು ಗೆದ್ದರೆ ನನ್ನ ಕಾಲ್ಗುಣ ಖಾಯಂ ಆಯಿತು. ಇನ್ನು ಜೀವನವಿಡೀ ಶಿರ್ತಾಡಿಯಿರಲಿ, ಬೆಳ್ತಂಗಡಿಯಿರಲಿ, ಪರರ ಗೋಲಿನ ಹಿಂದೆ ಪರರ ಬಣ್ಣದ ಅಂಗಿ ತೊಟ್ಟು ನಿಲ್ಲಬೇಕು. ನಮ್ಮವರು ಸೋತರೆ ನನ್ನ ಮೇಲಿನ ಅಪವಾದ ತೊಳೆದುಹೋಗುತ್ತದೆ. ಹಳದಿ ಟವೆಲು ಹಾಕಿಕೊಂಡು ಮರ್ಯಾದೆಯಿಂದ ನಮ್ಮವರ ಜೊತೆ ನಿಲ್ಲಬಹುದು. ಹಾಗಾದರೆ ನಾನು ಯಾವುದನ್ನು ಬಯಸಬೇಕು? ಬ್ರಾಂಚಿನಲ್ಲಿ ಬೀಡಿಯನ್ನು ತಿರುಗಿಸಿ ನೋಡುವಂತೆ ಇದನ್ನು ಎಲ್ಲ ಕಡೆಯಿಂದ ತಿರುಗಿಸಿ ನೋಡಿದೆ. ಕೊನೆಗೆ ನೋಡಿದರೆ ನಾನು ನಡೆಯುತ್ತಾ ನಡೆಯುತ್ತಾ ಮೂಡುಬಿದಿರೆಯವರಿಗೆ ಮೆಲ್ಲಗೆ ಚಪ್ಪಾಳೆ ತಟ್ಟಿ ಅಭ್ಯಾಸ ಮಾಡುತ್ತಿದ್ದೆ, ಮನಸ್ಸಿಟ್ಟು. ನಮ್ಮವರು ಗೆಲ್ಲಬೇಕಲ್ಲ, ಮಾರಾಯ್ರೆ.

ರಾತ್ರಿ ಕುಚ್ಚಲಕ್ಕಿ ಗಂಜಿ, ಹುರುಳಿ ಚಟ್ನಿ, ಎರಡು ಹುರಿದ ಬಂಗುಡೆ ಮೀನು. ಒಂದು ಬಂಗುಡೆ ಸೀದುಹೋಗಿತ್ತು. ಕಾವಲಿಯಲ್ಲಿ ಅದು ಇದ್ದ ಬದಿಯಲ್ಲೇ ನಾನು ನಿಂತಿದ್ದೆ ಎಂದು ಗುಲಾಬಿ ತೋರಿಸಿಕೊಟ್ಟು ಅದನ್ನು ನನಗೇ ಬಡಿಸಿದಳು. ಮಲಗಿದ ಮೇಲೆ ಇಬ್ಬರಲ್ಲಿ ಯಾರಿಗೆ ಮೊದಲು ನಿದ್ದೆ ಬರುತ್ತದೆ ನೋಡುವ ಎಂದುಕೊಂಡೆ. ಗುಲಾಬಿಗೇ ಮೊದಲು ಬಂತು. ಬಾರದೆ ಏನು, ಆ ಪಂದ್ಯದಲ್ಲಿ ನಾನು ನನ್ನ ಬದಿಯಲ್ಲೇ ಇದ್ದೆನಲ್ಲ.